ಒಂದು ಬೆರಳು ಒಳಗಿನ ಗೋಡೆ

ಫಾದರ್ ಲೂಕಾ ಯಾರ ಮನೆಗೆ ಹೋದರೂ ಮೊದಲು ಗೋಡೆಯನ್ನು ಮಾತನಾಡಿಸುತ್ತಿದ್ದರು. ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದು, ಕಿವಿಯಿಟ್ಟು ಕೇಳಿ, ಆಮೇಲೆ ಮನೆಯವರ ಕಡೆ ತಿರುಗುವರು. "ಗ್ವಾಡಿ ಆರಾಮ ಐತ್ರಿ. ನೀವ್ ಹೆಂಗದೀರಿ?" ಇಟಲಿಯಲ್ಲಿ ಹುಟ್ಟಿದ ಆ ಕೆಂಪು ಮುಖದ ಮುದುಕರ ಬಾಯಲ್ಲಿ ಹುಬ್ಬಳ್ಳಿ ಮಾತು ಕೇಳಿ ಹೊಸಬರು ಕಕ್ಕಾಬಿಕ್ಕಿಯಾಗುತ್ತಿದ್ದರು. ಮಿರ್ಚಿ ಭಜಿ ಮುಂದಿಟ್ಟರೆ ಮಾತ್ರ ಗೋಡೆ, ಮನುಷ್ಯರು ಎರಡನ್ನೂ ಮರೆಯುತ್ತಿದ್ದರು.

ಪಾದ್ರಿಯಾಗುವ ಮೊದಲು ಅವರು ಗೋಡೆ ಕಟ್ಟುವ ಗೌಂಡಿ. ನಾನೂ ಗೌಂಡಿಯೇ, ಹುಬ್ಬಳ್ಳಿಯ ಉಣಕಲ್ಲಿನವನು. ಹಾಗಾಗಿ ಸ್ನೇಹ ಬೇಗ ಕುದುರಿತು. ಅವರ ಊರಿನ ಚರ್ಚು, ಅದಕ್ಕೆ ಅಂಟಿಕೊಂಡಿದ್ದ ಸನ್ಯಾಸಿಗಳ ಮಠ, ಎರಡೂ ಮಹಾಯುದ್ಧದ ಬಾಂಬಿಗೆ ಬಿದ್ದವಂತೆ. ಯುದ್ಧ ಮುಗಿದ ಮೇಲೆ ಊರೇ ಸೇರಿ ಮತ್ತೆ ಕಟ್ಟಿತು. ದನದ ಕೊಟ್ಟಿಗೆಗೆಂದು ಒಯ್ದಿದ್ದ ಕಲ್ಲುಗಳನ್ನೂ ಜನ ತಾವಾಗಿಯೇ ಹೊತ್ತು ತಂದರು. ಈ ಇತಿಹಾಸವನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ, ಆ ಊರಿನ ಓಣಿಗಳಲ್ಲಿ ನಾನು ಕಣ್ಣು ಮುಚ್ಚಿ ನಡೆಯಬಲ್ಲೆ. ಮಠದ ಹಿರಿಯ ಸನ್ಯಾಸಿಯನ್ನು ಅವರು ನಮ್ಮ ಕಡೆಯವರಂತೆ 'ಅಜ್ಜಾರು' ಎನ್ನುತ್ತಿದ್ದರು.

"ಹೊಸಾ ಗ್ವಾಡಿ, ಬೀಳದ ಉಳಿದ ಹಳೇದರಕಿಂತ ಒಂದ ಬೆರಳಿನಷ್ಟ ಒಳಗ ಐತಿ, ತಮ್ಮಾ. ಬಾಂಬ್ ಎಲ್ಲಿ ಬಿತ್ತು ಅಂತ ಮೊಮ್ಮಕ್ಕಳಿಗೂ ಗೊತ್ತಾಗ್ಲಿ ಅಂತ ಅಜ್ಜಾರು ಹೇಳಿದ್ರು."

ಒಂದು ಮಳೆಗಾಲ ನಮ್ಮ ಓಣಿಯ ಸಣ್ಣ ಚರ್ಚಿನ ಹಿಂದಿನ ಗೋಡೆ ಅರ್ಧ ಕುಸಿಯಿತು. ನಾನು ಸ್ವಂತವಾಗಿ ಹಿಡಿದ ಮೊದಲ ಕೆಲಸ ಅದು. ಹೆಸರು ಬಂದರೆ ಅದರಿಂದಲೇ ಬರಬೇಕು. ಹಳೆಯದು ಯಾವುದು, ಹೊಸದು ಯಾವುದು ಗುರುತೇ ಸಿಗದಂತೆ ಸಪಾಟಾಗಿ ಕಟ್ಟಿ, ಮೀಸೆ ತಿರುವುತ್ತ ನಿಂತೆ. ಫಾದರ್ ಬಂದರು, ಬಡಿದರು, ಮತ್ತೊಮ್ಮೆ ಬಡಿದರು.

"ಯಾಕ್ರಿ ಫಾದರ್, ಗಟ್ಟಿ ಇಲ್ಲೇನ್ರಿ?"

"ಗಟ್ಟಿ ಐತಿ. ಆದ್ರ ಬಿದ್ದದ್ದನ್ನ ಎಲ್ಲಿ ಬಚ್ಚಿಟ್ಟಿ?"

ಸಿಟ್ಟು ನೆತ್ತಿಗೇರಿತು. ಎರಡು ದಿನ ಅವರ ಕಡೆ ಹಾಯಲಿಲ್ಲ. ಮೂರನೆಯ ದಿನ ಬೈದುಕೊಳ್ಳುತ್ತಲೇ ಬಿಚ್ಚಿ, ಒಂದು ಬೆರಳು ಒಳಗೆ ಸರಿಸಿ ಮತ್ತೆ ಕಟ್ಟಿದೆ. ಅದನ್ನು ನೋಡಿ ಮುದುಕರು ಕುಣಿಯುವುದೊಂದು ಬಾಕಿ.

ಹೋದ ವರ್ಷ ಆಸ್ಪತ್ರೆಯಲ್ಲಿ ನೋಡಿದ್ದೇ ಕೊನೆ. ಬಾಗಿಲು ಹಾಕು ಎಂದು ಸನ್ನೆ ಮಾಡಿದರು.

"ಎಷ್ಟೋ ಮಂದಿ ಪಾಪ ಕೇಳೇನಿ. ಇವತ್ತ ನಂದೊಂದ ನೀ ಕೇಳು. ನಮ್ಮೂರ ಆ ಗ್ವಾಡಿಗೆ ಸಾಲು ನೇರ ಬರ್ಲಿ ಅಂತ ದಾರ ಕಟ್ಟಿದಾಂವ ನಾನಽ. ಒಂದ ಬೆರಳ ತಪ್ಪಿ ಕಟ್ಟಿದ್ನಿ. ಗ್ವಾಡಿ ಎದಿಮಟ ಏರಿದ ಮ್ಯಾಲ ಕಂಡತು. ಮಂದಿ ನನ್ನ ಹೊಡ್ಯಾಕ ನಿಂತಿದ್ರು. ಆಗ ಅಜ್ಜಾರು ಮುಂದ ಬಂದು, 'ಇರ್ಲಿ ಬಿಡ್ರಿ, ಬಾಂಬಿನ ಗುರುತ ಆಗ್ತೈತಿ' ಅಂದ್ರು. ಅವತ್ತಿಂದ ಅವರ ಬೆನ್ನ ಹತ್ತಿದ್ನಿ ನೋಡು, ಪಾದ್ರಿ ಆಗೋತನಾ ಬಿಡಲಿಲ್ಲ."

"ಹಂಗಾದ್ರ ನನ್ನ ಗ್ವಾಡಿ ಯಾಕ ಬಿಚ್ಚಿಸಿದ್ರಿ?" ಎಂದು ಕೂಗಿಯೇಬಿಟ್ಟೆ.

"ಇಡೀ ದುನಿಯಾದಾಗ ಅಂಥಾ ಗ್ವಾಡಿ ನಂದೊಂದಽ ಇತ್ತಪಾ. ಜೋಡಿ ಬೇಕಾಗಿತ್ತು."

ಮಂಚ ಅಲುಗುವಂತೆ ನಕ್ಕರು. ನಾನೂ ನಕ್ಕೆ. ಆ ವಾರವೇ ತೀರಿಕೊಂಡರು.

ಮೊನ್ನೆ ಚರ್ಚಿಗೆ ಬಂದ ಎಂಜಿನಿಯರೊಬ್ಬ, "ಈ ಗ್ವಾಡಿ ಯಾವ ಗೌಂಡಿ ಕೆಡಿಸ್ಯಾನ್ರಿ?" ಎಂದ. ಅವನನ್ನು ಕೂರಿಸಿ, ಚಹಾ ಕುಡಿಸಿ, ಬಾಂಬು, ಮಠ, ಹೊತ್ತು ತಂದ ಕಲ್ಲು, ಮೊಮ್ಮಕ್ಕಳು, ಎಲ್ಲ ಹೇಳಿದೆ. ದಾರದ ಮಾತೊಂದನ್ನು ಬಿಟ್ಟು.