ಕಲಾಯಿಯವರ ಬಾಯಿಗೆ ಬಾಡಿಗೆ ದನಿ

೧೯೭೩, ಜುಲೈ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಒಂಬತ್ತೂವರೆ. ಮುಂಬಯಿಯ ಸಾಂತಾಕ್ರೂಜ್‌ನ ನಮ್ಮ ಕನ್ನಡ ಸಂಘದ ಕೋಣೆಯಲ್ಲಿ ಹಾಜರಿದ್ದವರು ನಾಲ್ವರು: ಟೇಪ್ ರೆಕಾರ್ಡರ್ ನೋಡಿಕೊಳ್ಳುವ ನಾನು, ಕಾರ್ಯದರ್ಶಿಗಳು, ನಾಟಕದಲ್ಲಿ ರಾಜನ ಪಾರ್ಟು ಮಾಡುವ ಅವರ ಭಾವಮೈದುನ, ಮತ್ತು ಹೋಟೆಲುಗಳ ಪಾತ್ರೆಗೆ ಕಲಾಯಿ ಹಾಕುವ ಬಿಜಾಪುರದ ಮುದುಕರು.

ಮುದುಕರು ಒಗೆದ ಅಂಗಿ ತೊಟ್ಟು ಬಂದಿದ್ದರು. "ಮನ್ಯಾಕಿಗೆ ಕಣ್ಣು ಹೋಗ್ಯಾವ್ರಿ. ಗುರುವಾರ ಬಾಜೂ ಮನಿ ರೇಡಿಯೋ ಮುಂದ ಕುಂದ್ರು, ನನ್ನ ದನಿ ಬರ್ತದ ಅಂತ ಹೇಳೀನಿ," ಎಂದರು. ಅವರ ಮನೆ ಘಾಟ್ಕೋಪರ್‌ನ ಒಂದು ಚಾಳಿನಲ್ಲಿ.

ದುಡಿಯುವವರ ಬದುಕನ್ನು ಅವರ ಬಾಯಿಂದಲೇ ಕೇಳಿಸಿ ಎಂದು ರೇಡಿಯೋದವರು ಸಂಘಕ್ಕೆ ತಿಳಿಸಿದ್ದರು. ಕಾರ್ಯದರ್ಶಿಗಳು ಮುದುಕರನ್ನು ನೋಡುವ ಮೊದಲೇ ಅವರ ಬದುಕನ್ನು ಮೂರು ಹಾಳೆಯಲ್ಲಿ ಬರೆದು ಮುಗಿಸಿದ್ದರು. 'ನಾನೋರ್ವ ಬಡ ಶ್ರಮಜೀವಿ' ಎಂದು ಆರಂಭ. ಮುದುಕರಿಗೆ ಓದಲು ಬಾರದೆಂಬುದು ಈ ವಿದ್ವಾಂಸರಿಗೆ ಹೊಳೆದಿರಲಿಲ್ಲ.

"ಹಾಗಾದ್ರೆ ಬಾಯಿಗೆ ಬಂದದ್ದು ಹೇಳಿ ಚಾಚಾ, ಬೇಗ," ಎಂದರು ಕಾರ್ಯದರ್ಶಿಗಳು.

ಫ್ಯಾನು ನಿಲ್ಲಿಸಿದೆವು. ಮುದುಕರು ಮೈಕನ್ನೇ ನೋಡುತ್ತ ಕುಳಿತರು.

"ಕೈ ಖಾಲಿ ಇದ್ರ ಮಾತು ಬರಂಗಿಲ್ರಿ ಸಾಹೇಬ್ರ. ಒಂದು ಪಾತೇಲಿ ಕೊಡ್ರಿ."

ಕೆಳಗಿನ ಹೋಟೆಲಿನಿಂದ ಒಂದು ಪಾತ್ರೆ ತಂದುಕೊಟ್ಟೆ. ಅರಿವೆಯಿಂದ ತಿಕ್ಕುತ್ತ ಶುರುಮಾಡಿದವರು ಟೇಪು ಮುಗಿಯುವವರೆಗೂ ನಿಲ್ಲಿಸಲಿಲ್ಲ.

"ಮೊದಲ್ನೇ ಶೇಠ ಅಂದ, ನಿನ್ನ ಕಲಾಯಿದಾಗ ನನ್ನ ಮೀಸಿ ಕಾಣಬೇಕು ಅಂತ. ಮೀಸಿ ಅಷ್ಟ ತೋರಸ್ತೀನ್ರಿ, ಪೂರಾ ಮಾರಿ ಕಂಡ್ರ ನೀವ ಹೆದರ್ತೀರಿ ಅಂದೆ."

ನಾನು ನಕ್ಕೆ. ಕಾರ್ಯದರ್ಶಿಗಳು ನಗಲಿಲ್ಲ.

"ಎಂಥ ಮಾರಾಯ್ರೆ ಇದು! ಪಾತ್ರೆಯ ಗಲಾಟೆ, ಮಾತೂ ಗಲಾಟೆ. ಸಂಘದ ಮರ್ಯಾದೆ ಏನಾಗ್ಬೇಕು?"

ಇನ್ನೊಂದು ಟೇಪು ಹಾಕಿಸಿ, ಆ ಮೂರು ಹಾಳೆಗಳನ್ನು ಭಾವಮೈದುನನಿಂದ ಓದಿಸಿದರು. ಬಡ ಶ್ರಮಜೀವಿ ಸಿಂಹಾಸನದ ಮೇಲೆ ಕೂತು ಗರ್ಜಿಸಿದ.

"ಇದನ್ನೇ ಕಳಿಸಿ. ಚೀಟಿಯಲ್ಲಿ ಚಾಚಾನ ಹೆಸರು ಹಾಕಿ," ಎಂದು ಹೇಳಿ ಇಬ್ಬರೂ ದೋಸೆ ತಿನ್ನಲು ಇಳಿದರು.

ಮುದುಕರು ಪಾತೇಲಿಯನ್ನು ನನ್ನ ಕೈಗೆ ಕೊಟ್ಟರು. "ನಂದ ದನಿ ಬರ್ತದಲ್ರಿ?"

"ಬರುತ್ತದೆ," ಎಂದೆ.

ಡಬ್ಬಿಯೊಳಗಿಲ್ಲದ್ದನ್ನು ಚೀಟಿಯ ಮೇಲೆ ಬರೆದು ನನಗೆ ಅಭ್ಯಾಸವಿಲ್ಲ. ಆ ದರ್ಬಾರಿ ದನಿಗಾಗಿ ಅದನ್ನು ಕಲಿಯುವ ಮನಸ್ಸೂ ಇರಲಿಲ್ಲ. ಭಾವಮೈದುನನ ಟೇಪಿನ ಮೇಲೆ 'ನಾಟಕ' ಎಂದು ಬರೆದು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಮುದುಕರ ಟೇಪನ್ನು ಡಬ್ಬಿಗೆ ಹಾಕಿ, ಅವರ ಹೆಸರಿನ ಚೀಟಿ ಅಂಟಿಸಿ, ಹನ್ನೊಂದೂವರೆಯ ಲೋಕಲ್ ರೈಲು ಹಿಡಿದೆ. ಶನಿವಾರ ರೇಡಿಯೋದವರ ಆಫೀಸು ಒಂದಕ್ಕೆ ಮುಚ್ಚುತ್ತದೆ. ಹನ್ನೆರಡೂ ಮುಕ್ಕಾಲಿಗೆ ಡಬ್ಬಿ ಒಪ್ಪಿಸಿ, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡೆ.