ತನ್ನ ತಿಥಿಗೆ ಬಂದ ಚಿಕ್ಕಪ್ಪ

ಎಂಬತ್ತರ ದಶಕದಲ್ಲಿ ನಾನು ಕೊಯಮತ್ತೂರಿನ ಕಾಲೇಜಿನಲ್ಲಿ ಓದುತ್ತಿದ್ದಾಗ ಹೊರದೇಶದ ಒಂದು ಕಾದಂಬರಿ ಪಠ್ಯವಾಗಿತ್ತು. ತನ್ನ ಕಥೆಯನ್ನು ತಾನೇ ಹೇಳುವ ಅದರ ನಾಯಕನಿಗೆ ಯಾವುದೂ ತಟ್ಟುವುದಿಲ್ಲ. ಬದುಕಿಗೆ ಅರ್ಥವಿಲ್ಲ ಎಂದು ತೋರಿಸಲು ಲೇಖಕ ಮಾಡಿಟ್ಟ ಗೊಂಬೆ ಅವನು, ಅಂಥ ಮನುಷ್ಯರು ನಿಜವಾಗಿ ಇರುವುದಿಲ್ಲ ಎಂದು ಮೇಷ್ಟ್ರು ಹೇಳಿದರು. ನಾನು ಬರೆದುಕೊಂಡೆ. ಆದರೆ ಕುನ್ನತ್ತೂರಿನ ಹತ್ತಿರ, ಕನ್ನಡ ಮಾತಾಡುವ ನೇಕಾರರಾದ ನಮ್ಮ ಮನೆಯಲ್ಲೇ, ಅಂಥ ಒಬ್ಬರು ಮಗ್ಗದಲ್ಲಿ ಟವೆಲು ನೇಯುತ್ತಿದ್ದರು. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ.

ಆ ವರ್ಷ ಚಿಕ್ಕಪ್ಪ ಟವೆಲಿನ ಚೀಲ ಹೊತ್ತು ತಿರುಪ್ಪೂರಿಗೆ ಹೊರಟರು. ಅವರು ಹತ್ತಿದ್ದ ಬಸ್ಸು ಅವಿನಾಶಿ ದಾಟಿದ ಮೇಲೆ ಲಾರಿಗೆ ಗುದ್ದಿತು. ಸತ್ತವನೊಬ್ಬನ ಮುಖ ಗುರುತು ಸಿಗುವಂತಿರಲಿಲ್ಲ. ಪಕ್ಕದಲ್ಲಿ ನಮ್ಮ ಚೀಲವಿತ್ತು. ಪೊಲೀಸರಿಗೆ ಅಷ್ಟು ಸಾಕಾಯಿತು, ನಮಗೂ ಸಾಕಾಯಿತು. ಅಪ್ಪ ಹೆಣ ತಂದರು. ಅಜ್ಜಿ ಎದೆ ಬಡಿದುಕೊಂಡು ಅತ್ತಳು. ಚಿಕ್ಕಮ್ಮ ಬಳೆ ಒಡೆದು, ತಾಳಿ ತೆಗೆದಿಟ್ಟಳು. ಸುಟ್ಟು ಬೂದಿಯನ್ನು ನೊಯ್ಯಲ್ ಹೊಳೆಗೆ ಬಿಟ್ಟೆವು.

ತಿಥಿಯ ಊಟದ ದಿನ ಪಂಕ್ತಿ ಕೂತಿತ್ತು. ನಾನು ಅನ್ನ ಬಡಿಸುತ್ತಿದ್ದೆ. ಚಿಕ್ಕಪ್ಪ ಒಳಗೆ ಬಂದು, ಚಪ್ಪಲಿ ಬಿಟ್ಟು, ಖಾಲಿ ಇದ್ದ ಎಲೆಯ ಮುಂದೆ ಕೂತರು. ಉಗುರುಗಳಲ್ಲಿ ಹಸಿರು ಬಣ್ಣ ಮೆತ್ತಿತ್ತು.

"ಯಾರ್ಗೆ ತಿಥಿ?" ಎಂದರು.

"ನಿಂಗೇ ಕಣೋ!" ಎಂದು ಅಜ್ಜಿ ಕಿರುಚಿದಳು.

"ಓ," ಎಂದರು ಚಿಕ್ಕಪ್ಪ. ಎಲೆಗೆ ನೀರು ಚಿಮುಕಿಸಿಕೊಂಡು, "ವಡೆ ಆಕು," ಎಂದು ನನಗೆ ಹೇಳಿದರು. ಅನ್ನದ ಪಾತ್ರೆ ಕೆಳಗಿಟ್ಟು ವಡೆ ತಂದೆ. ಹಾಕಿದೆ.

ಆದದ್ದಿಷ್ಟು. ಚೀಲವನ್ನು ಬಸ್ಸಿನಲ್ಲೇ ಬಿಟ್ಟು ಅವಿನಾಶಿಯಲ್ಲಿ ಟೀ ಕುಡಿಯಲು ಇಳಿದಿದ್ದರು. ಬಸ್ಸು ಹೊರಟಿತು. ಓಡಬೇಕೆನ್ನಿಸಲಿಲ್ಲ. ಮುಂದೆ ಬಂದ ಬಸ್ಸು ಕೊಯಮತ್ತೂರಿನದು, ಅದನ್ನು ಹತ್ತಿದರು. ಅಲ್ಲಿ ಗಣಪತಿ ಎಂಬ ಬಡಾವಣೆಯಲ್ಲಿ, ನೀರಿನ ಪಂಪ್ ತಯಾರಿಸುವ ವರ್ಕ್‌ಶಾಪಿನಲ್ಲಿ ಹಳೆಯ ಸ್ನೇಹಿತನೊಬ್ಬನಿದ್ದ. ಬಣ್ಣ ಹೊಡೆಯಲು ಆಳು ಬೇಕು ಎಂದ. ಹೊಡೆದರು.

"ಮನೇಗೆ ಒಂದ್ ಮಾತು ಯೇಳ್ಬೇಕು ಅನ್ನಿಸ್ಲಿಲ್ವಾ?" ಅಪ್ಪ ಕೇಳಿದರು.

"ಇಲ್ಲಣ್ಣ."

ಬದುಕಿ ಬಂದದ್ದಕ್ಕೆ ಯಾರೂ ಸಂತೋಷಪಡಲಿಲ್ಲ. ಬಂದು ಅಳದಿದ್ದದ್ದಕ್ಕೆ ಊರೆಲ್ಲ ಬೈಯಿತು. ಕಲ್ಲು, ಮರ, ಎಮ್ಮೆ ಎಂದರು. ಅಪ್ಪ ಪೊಲೀಸ್ ಸ್ಟೇಷನ್ನಿಗೆ ಹೋದರೆ, ಮುಗಿದ ಕೇಸನ್ನು ಯಾಕೆ ಕೆದಕುತ್ತೀರಿ ಎಂದು ಅಲ್ಲೂ ಬೈದರು. ನಾವು ಸುಟ್ಟವನನ್ನು ಹುಡುಕಿಕೊಂಡು ಯಾರೂ ಬಂದಿರಲಿಲ್ಲ. ಅದನ್ನು ಕೇಳಿ ಚಿಕ್ಕಪ್ಪ, "ನೀವೆಲ್ಲ ಅತ್ರಲ್ಲ, ಅವನ್ಗೆ ಓಯ್ತು ಬುಡು," ಎಂದರು.

ಪುರೋಹಿತರು ಬಂದು ಶಾಸ್ತ್ರ ನೋಡಿದರು. ಕರ್ಮ ಮುಗಿದ ಮೇಲೆ ಈತ ಲೆಕ್ಕಕ್ಕೆ ಸತ್ತವನೇ. ಮತ್ತೆ ನಾಮಕರಣವಾಗಬೇಕು, ಅದೇ ಹೆಂಡತಿಯನ್ನು ಮತ್ತೆ ಮದುವೆಯಾಗಬೇಕು. ಚಿಕ್ಕಪ್ಪ "ಸರಿ" ಎಂದರು.

ಚಿಕ್ಕಮ್ಮ ಸರಿ ಎನ್ನಲಿಲ್ಲ. ನಡುಮನೆಯಲ್ಲಿ ಎಲ್ಲರೆದುರಿಗೆ ನಿಂತು ಕೇಳಿದಳು: "ನಿಮ್ಗೆ ನಾನು ಬೇಕಾ?"

"ನಿಂಗೆ ಬೇಕು ಅಂದ್ರೆ ನಂಗೂ ಆಗ್ಲಿ."

"ನಾನು ಅತ್ತಿದ್ದು ಅತ್ತಿದ್ದೇ. ಅದನ್ನ ವಾಪಸ್ ತಕ್ಕೊಳಕಾಗಲ್ಲ. ಯೋಚ್ನೆ ಮಾಡಿ ಯೇಳ್ತೀನಿ. ಅಲ್ಲೀಗಂಟ ಜಗಲೀಲಿ ಇರಿ."

ಚಿಕ್ಕಪ್ಪ ಚಾಪೆ ಎತ್ತಿಕೊಂಡು ಜಗಲಿಗೆ ಹೋದರು. ಬೆಳಿಗ್ಗೆ ಒಳಗೆ ಬಂದು ನೇಯುತ್ತಿದ್ದರು, ಸಂಜೆ ಆಚೆ ಹೋಗುತ್ತಿದ್ದರು. ಚಿಕ್ಕಮ್ಮ ಬಾಗಿಲಲ್ಲಿ ತಟ್ಟೆ ಇಟ್ಟು ತಿರುಗಿ ನೋಡದೆ ಹೋಗುತ್ತಿದ್ದಳು. ಒಂದು ಭಾನುವಾರ ನಾನು ಜಗಲಿಯಲ್ಲಿ ಕೂತು ಆ ಕಾದಂಬರಿಯನ್ನು ಅವರಿಗೆ ನಮ್ಮ ಭಾಷೆಯಲ್ಲಿ ಹೇಳಿದೆ. ಕೊನೆಯವರೆಗೂ ಕೇಳಿದರು.

"ಅವನ್ಗೆ ಏನೂ ಅನ್ನಿಸಲ್ಲ ಅಂತೀಯಲ್ಲ," ಎಂದರು, "ಮತ್ತೆ ಯಾಕೆ ಅಷ್ಟೊಂದು ಮಾತಾಡ್ತಾನೆ?"

ಪರೀಕ್ಷೆಯಲ್ಲಿ ನಾನು ಮೇಷ್ಟ್ರು ಹೇಳಿದ್ದನ್ನೇ ಬರೆದೆ.

ಮಳೆ ಶುರುವಾಗಿ ಜಗಲಿಗೆ ಇರಚಲು ಹೊಡೆಯತೊಡಗಿತು. ಚಾಪೆ ನೆನೆದರೆ ಚಿಕ್ಕಪ್ಪ ಅದನ್ನು ಕೊಡವಿ ಮತ್ತೆ ಹಾಸಿಕೊಳ್ಳುತ್ತಿದ್ದರು. ಚಿಕ್ಕಮ್ಮ ಒಂದು ಸಂಜೆ ಹೊರಗೆ ಬಂದು ಅವರನ್ನು ನೋಡುತ್ತ ನಿಂತಳು. "ಕೇಳ್ಬಾರ್ದಾ, ಒಳಕ್ಕೆ ಬರ್ಲಾ ಅಂತ?" ಎಂದಳು. "ನೀನಿನ್ನೂ ಯೋಚ್ನೆ ಮಾಡ್ತಿದ್ದೀಯ ಅಂತಿದ್ದೆ," ಎಂದರು ಚಿಕ್ಕಪ್ಪ. ಅವಳು ಒದ್ದೆ ಚಾಪೆಯನ್ನು ಸುತ್ತಿ ಎತ್ತಿಕೊಂಡಳು. ಆಮೇಲೆ ಒಳಗೆ ಬಂದು, ಪುರೋಹಿತರಿಗೆ ಹೇಳಿಕಳಿಸಿ ಎಂದು ಅಪ್ಪನಿಗೆ ಹೇಳಿದಳು.

ಮದುವೆ ಊರಿನ ಅಮ್ಮನ ಗುಡಿಯಲ್ಲಿ ಆಯಿತು. ಮನೆಯವರು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ, ಆದರೂ ನೋಡಲು ಜನ ಸೇರಿದ್ದರು. ಚಿಕ್ಕಪ್ಪ ತಾಳಿ ಕಟ್ಟುವಾಗ ಅವರ ಮುಖದಲ್ಲಿ ಏನಾದರೂ ಕಂಡೀತೆಂದು ಎಲ್ಲರೂ ಕತ್ತು ಚಾಚಿದರು. ಏನೂ ಕಾಣಲಿಲ್ಲ. ಮೂರನೇ ಗಂಟು ಬಿದ್ದ ಮೇಲೆ ಚಿಕ್ಕಮ್ಮ ತಲೆ ಎತ್ತದೆ ಕೇಳಿದ್ದು, ಹಿಂದೆ ನಿಂತಿದ್ದ ನನಗೆ ಕೇಳಿಸಿತು: "ಈಗಾದ್ರೂ ಏನಾದ್ರೂ ಅನ್ನಿಸ್ತಾ?"

ಚಿಕ್ಕಪ್ಪ ತಾಳಿಯ ಗಂಟಿನ ಮೇಲೆ ಬೆರಳಿಟ್ಟು ನೋಡಿದರು.

"ದಾರ ಬಿಗಿ ಆಯ್ತಾ?" ಎಂದರು.

"ಇಲ್ಲ," ಎಂದಳು ಚಿಕ್ಕಮ್ಮ, "ಸರಿಯಾಗೈತೆ."