ಒಂಬತ್ತನೇ ನಂಬರ್ ಬಸ್ಸಿನ ಉದ್ಧಟ ಹೆಂಗಸು

ಹಿಲ್ಡಾ ಆಕ್ರಾಯ್ಡ್‌ಗೆ ಆವತ್ತು ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಡಿಪೋ ಕ್ಯಾಂಟೀನಿನಲ್ಲಿ ತಂದಿಟ್ಟ ಚಹಾ ಆರಿ ತಣ್ಣಗಾಯಿತು. ಕೊರಳಿಗೆ ನೇತುಹಾಕಿದ್ದ ಟಿಕೆಟ್ ಮಿಷನ್ನಿನ ಹಿಡಿಯನ್ನು ಸುಮ್ಮಸುಮ್ಮನೆ ತಿರುಗಿಸುತ್ತಿದ್ದಳು.

"ಅದನ್ನ ಬಿಡೇ ಮಾರಾಯ್ತಿ, ಸುರುಳಿ ಎಲ್ಲ ಹೊರಗೆ ಬಂತು," ಅಂದ ಅವಳ ಡ್ರೈವರ್ ವಿಲ್ಫ್. "ದೂರಿನ ಪತ್ರ ತಾನೆ? ನೇಣೇನಲ್ಲವಲ್ಲ."

"ನಿಂಗೇನಪ್ಪ, ಗಾಜಿನ ಡಬ್ಬಿಯೊಳಗೆ ಒಬ್ಬನೇ ಕೂತಿರ್ತೀಯ. ಜನರ ಬಾಯಿಗೆ ಬೀಳೋಳು ನಾನು."

ಎಂಟು ಗಂಟೆಗೆ ಸೂಪರಿಂಟೆಂಡೆಂಟ್ ಕ್ರಾಬ್‌ಟ್ರೀ ಸಾಹೇಬರ ಮುಂದೆ ನಿಲ್ಲಬೇಕಿತ್ತು. ನೆದರ್‌ಕ್ಲಫ್ ಡಿಪೋದ ಕಾನೂನು ಎಲ್ಲರಿಗೂ ಬಾಯಿಪಾಠ. ಒಬ್ಬ ಕಂಡಕ್ಟರ್ ಮೇಲೆ ಮೂರು ದೂರು ಬಿದ್ದರೆ ಬಸ್ಸಿನಿಂದ ಇಳಿಸಿ ಶೆಡ್ಡಿಗೆ ಹಾಕುತ್ತಾರೆ, ಬಸ್ ತೊಳೆಯೋಕೆ. ಹಿಲ್ಡಾ ಹೆಸರಲ್ಲಿ ಆಗಲೇ ಒಂದಿತ್ತು. ಕುಡಿದು ಬಂದು ಹೆಂಗಸರ ಮೈಮೇಲೆ ಬೀಳುತ್ತಿದ್ದವನ ಕಾಲರ್ ಹಿಡಿದು ಇಳಿಸಿದ್ದಕ್ಕೆ ಬಂದ ದೂರು ಅದು. ಇದು ಎರಡನೆಯದು.

ಯುದ್ಧಕ್ಕೆ ಗಂಡಸರೆಲ್ಲ ಹೋದ ವರ್ಷ, ಗಿರಣಿಯ ಮಗ್ಗ ಬಿಟ್ಟು ಬಸ್ ಹತ್ತಿದವಳು ಅವಳು. ಗಂಡಸರು ವಾಪಸ್ ಬಂದಾಗ ಎಷ್ಟೋ ಹೆಂಗಸರನ್ನು ಮನೆಗೆ ಕಳಿಸಿದರು. ಇವಳು ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಹದಿನಾರು ವರ್ಷವಾಯಿತು. ಗಂಡ ಹೆರಾಲ್ಡ್ ಉಣ್ಣೆಯ ಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತಾಗ, ಶುಕ್ರವಾರ ಮಣ್ಣು ಮಾಡಿ ಸೋಮವಾರ ಡ್ಯೂಟಿಗೆ ಬಂದಳು. ಮನೆಯಲ್ಲಿ ಗೋಡೆ ನೋಡುತ್ತಾ ಕೂತರೆ ಹುಚ್ಚು ಹಿಡಿಯುತ್ತಿತ್ತು. ಬಸ್ಸಿನಲ್ಲಾದರೆ ಮಾತಿಗೆ ಜನ ಇದ್ದರು. ಶೆಡ್ಡಿನಲ್ಲಿ ಏನಿದೆ ಮಣ್ಣು? ಬಕೆಟ್ಟು ಮತ್ತು ಬ್ರಷ್ಷು.

ಪತ್ರ ಬರೆದವರು ಮಿಸೆಸ್ ಪೆಲ್ಹಮ್. ದಕ್ಷಿಣದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರನ ಹೆಂಡತಿ, ಈ ಊರಿನ ಮಾತಿನ ರೂಢಿ ಅರಿಯದವರು.

"ನೀವು ಅವರಿಗೆ ಏನಂದಿರಿ?" ಅಂತ ಕೇಳಿದ ಕ್ರಾಬ್‌ಟ್ರೀ, ಕನ್ನಡಕದ ಮೇಲಿಂದ ನೋಡುತ್ತಾ.

"‘ಒಳಗೆ ಸರಿ ಚಿನ್ನ, ಬಾಗಿಲಲ್ಲಿ ಗಾಳಿ ಹೊಡೆಯುತ್ತೆ’ ಅಂದೆ."

"ಚಿನ್ನ ಅಂದ್ರಾ?"

"ಮತ್ತಿನ್ನೇನು ಅನ್ನಲಿ ಸಾಹೇಬ್ರೆ? ಕಲ್ಲಿದ್ದಲು ಹೊರೋನಿಗೂ ಅದನ್ನೇ ಅಂತೀನಿ, ಪಾದ್ರಿಗೂ ಅದನ್ನೇ ಅಂತೀನಿ. ನಮ್ಮಮ್ಮನೂ ಅದನ್ನೇ ಅಂತಿದ್ದಳು. ಈ ಊರಲ್ಲಿ ಯಾರು ಅನ್ನಲ್ಲ ಹೇಳಿ."

ಕ್ರಾಬ್‌ಟ್ರೀ ಪತ್ರವನ್ನು ಗಟ್ಟಿಯಾಗಿ ಓದಿದ. ಅದರ ನಡುವೆ ಇತ್ತು ಆ ಪದ, ‘ಇನ್ಸೊಲೆಂಟ್’. ಉದ್ಧಟ ಹೆಂಗಸು.

ಹಿಲ್ಡಾಗೆ ಆ ಪದ ಹೊಸದೇನಲ್ಲ. ಶಾಲೆಯಲ್ಲಿ ‘ಯಾಕೆ’ ಅಂತ ಕೇಳಿದ್ದಕ್ಕೆ ಮಾಸ್ತರು ಅದನ್ನೇ ಹೇಳಿ ಕೈಗೆ ಬೆತ್ತದಿಂದ ಬಿಟ್ಟಿದ್ದರು. ಇವಳು ಕಣ್ಣಿಗೆ ಕಣ್ಣಿಟ್ಟು ನೋಡಿದ್ದಕ್ಕೆ ಗಿರಣಿಯ ಮೇಸ್ತ್ರಿಯೂ ಅದನ್ನೇ ಅಂದಿದ್ದ. ಅದೊಂದು ವಿಚಿತ್ರ ಪದ ನೋಡಿ, ಮೇಲಿನಿಂದ ಕೆಳಕ್ಕೆ ಮಾತ್ರ ಬೀಳುತ್ತೆ. ಬ್ಯಾಂಕ್ ಮ್ಯಾನೇಜರು ಎಷ್ಟೇ ಒರಟಾಗಿ ಮಾತಾಡಲಿ, ಅವನನ್ನ ಯಾರಾದರೂ ಉದ್ಧಟ ಅಂದದ್ದುಂಟೇ? ಅವನಿಗೆ ತಲೆನೋವು ಇರಬೇಕು ಅಂತಾರೆ. ಹಿಲ್ಡಾಗೆ ಮೈ ಉರಿಯಿತು, ಆದರೆ ಶೆಡ್ಡು ನೆನಪಾಗಿ ಬಾಯಿ ಬಿಗಿಹಿಡಿದಳು.

"ನಾಳೆಯಿಂದ ಎಲ್ಲರಿಗೂ ಸರ್, ಮೇಡಮ್. ಹದಿನೈದು ದಿನ ಚೆಕಿಂಗಿನವರು ಮಾಮೂಲಿ ಬಟ್ಟೆಯಲ್ಲಿ ಬಸ್ಸಲ್ಲಿರ್ತಾರೆ. ನೀವು ಎಲ್ಲರಿಗೂ ಅಂತೀರಲ್ಲ, ಆ ಪದ ಅವರ ಕಿವಿಗೆ ಬಿದ್ದರೆ ನನ್ನ ಕೈಲಿ ಏನೂ ಆಗಲ್ಲ," ಅಂದ ಕ್ರಾಬ್‌ಟ್ರೀ.

ಮಾರನೇ ದಿನದಿಂದ ಶುರುವಾಯಿತು ಗೋಳು. ಯಾವ ಸೀಟಿನಲ್ಲಿ ಯಾವ ಚೆಕಿಂಗಿನವನೋ ಅಂತ ಹಿಲ್ಡಾ ಪ್ರತಿ ಟೋಪಿಯ ಕೆಳಗೂ ಇಣುಕಿದಳು. ಮಾತು ಗಂಟಲವರೆಗೆ ಬಂದು ವಾಪಸ್ ಹೋಗುತ್ತಿತ್ತು. ಬಸ್ಸಿನ ಮಹಡಿಗೆ ಹತ್ತುತ್ತಿದ್ದ ಗಿರಣಿಯವರಿಗೆ "ಮೇಲೆ ಜಾಗ ಇದೆ, ಸರ್" ಅಂದರೆ ಅವರು ನಕ್ಕು, "ಏನಮ್ಮ, ರಾಣಿ ಮನೆಯಲ್ಲಿ ಕೆಲಸ ಸಿಕ್ತಾ?" ಅಂತ ಕಾಲೆಳೆದರು. ಮೂರನೇ ದಿನಕ್ಕೆ ನಗು ನಿಂತಿತು. ಆ ಊರಲ್ಲಿ ಜಗಳಕ್ಕೆ ನಿಂತಾಗ ಬಿಟ್ಟರೆ ಯಾರೂ ಯಾರನ್ನೂ ಮೇಡಮ್ ಅನ್ನುವುದಿಲ್ಲ.

ಎಲ್ಲರಿಗಿಂತ ಹೆಚ್ಚಾಗಿ ನೊಂದವಳು ಮುದುಕಿ ಮಿಸೆಸ್ ಹೆಪ್‌ವರ್ತ್. ದಿನಾ ಒಂಬತ್ತೂವರೆಗೆ ಮಗಳ ಮನೆಗೆ ಹೋಗುವಾಕೆ. ಹನ್ನೊಂದು ವರ್ಷದಿಂದ ಹಿಲ್ಡಾನೇ ಅವಳ ರಟ್ಟೆ ಹಿಡಿದು ಹತ್ತಿಸಿಕೊಳ್ಳುತ್ತಿದ್ದಳು.

"ಟಿಕೆಟ್, ಮೇಡಮ್."

ಬೇರೆ ಯಾರಿಗೋ ಅಂದಿರಬೇಕು ಅಂತ ಮುದುಕಿ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

"ನಂಗಾ ಅಂದಿದ್ದು?"

"ಹೌದು, ಮೇಡಮ್." ಎದುರು ಸೀಟಿನಲ್ಲಿ ಗುರುತಿಲ್ಲದ ಒಬ್ಬ ಪೇಪರ್ ಹಿಡಿದು ಕೂತಿದ್ದ.

ಮುದುಕಿ ಎರಡು ಸ್ಟಾಪ್ ಮುಂಚೆಯೇ ಗಂಟೆ ಹೊಡೆಸಿ ಇಳಿದು, ಗುಡ್ಡದ ಏರಿನಲ್ಲಿ ನಡೆದುಕೊಂಡೇ ಹೋದಳು. ಹಿಲ್ಡಾ ಹಿಂದಿನ ಕಂಬ ಹಿಡಿದು ನೋಡುತ್ತಾ ನಿಂತಳು. ಆವತ್ತು ಮನೆಗೆ ಹೋಗಿ, ಉಜ್ಜಿದ್ದ ಹೊಸ್ತಿಲನ್ನೇ ಮತ್ತೆ ಮತ್ತೆ ಉಜ್ಜಿದಳು.

ವಾರ ತುಂಬುವುದರೊಳಗೆ ಮತ್ತೆ ಕರೆ ಬಂತು. ಕ್ರಾಬ್‌ಟ್ರೀ ಮೇಜಿನ ಮೇಲೆ ಎರಡು ಪತ್ರ ಪಕ್ಕಪಕ್ಕ ಇಟ್ಟಿದ್ದ. ಒಂದು ಮಿಸೆಸ್ ಪೆಲ್ಹಮ್ ಬರೆದ ದಪ್ಪ ಕಾಗದದ್ದು, ಇನ್ನೊಂದು ಗೆರೆ ಹಾಕಿದ ಪುಸ್ತಕದಿಂದ ಹರಿದದ್ದು.

"ಇದು ಮೂರನೇದು, ಮಿಸೆಸ್ ಆಕ್ರಾಯ್ಡ್."

ಹಿಲ್ಡಾ ಆ ಗೆರೆಯ ಹಾಳೆ ಎತ್ತಿಕೊಂಡಳು. ಪೆನ್ಸಿಲಿನಲ್ಲಿ ಒತ್ತಿ ಒತ್ತಿ ಬರೆದ ಅಕ್ಷರ, ಮಿಸೆಸ್ ಹೆಪ್‌ವರ್ತ್‌ದು. ‘ಒಂಬತ್ತನೇ ನಂಬರಿನ ಕಂಡಕ್ಟರ್ ನನ್ನನ್ನು ಎಲ್ಲರ ಮುಂದೆ ಎರಡು ಸಲ ಮೇಡಮ್ ಅಂದಳು. ನಾನು ಸಣ್ಣವಳಿದ್ದಾಗ ದೊಡ್ಡ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಅಲ್ಲಿನ ಯಜಮಾನಿ ದಿನ ಬೆಳಗಾದರೆ ನನ್ನನ್ನು ಉದ್ಧಟೆ ಅನ್ನುತ್ತಿದ್ದಳು, ಹಾಗಾಗಿ ಆ ಪದ ಯಾವಾಗ ಹೇಳಬೇಕು ಅಂತ ನನಗೆ ಗೊತ್ತು. ಅವಳು ಉದ್ಧಟಳಾಗಿದ್ದಾಳೆ. ಅವಳನ್ನು ಕೆಲಸದಿಂದ ತೆಗೆಯಬೇಡಿ. ನಾನು ಅವಳಿಗೆ ಏನು ತಪ್ಪು ಮಾಡಿದೆ, ಅಷ್ಟು ಕೇಳಿ ಹೇಳಿ.’

ಹಿಲ್ಡಾ ಎರಡು ಸಲ ಓದಿದಳು. ಕಣ್ಣು ತುಂಬಿ ಬಂತು, ಸಿಟ್ಟೂ ಬಂತು.

"ಅಂದಿದ್ದಕ್ಕೆ ಒಂದು, ಅನ್ನದೇ ಇದ್ದಿದ್ದಕ್ಕೆ ಒಂದು. ನಾನು ಯಾವುದಕ್ಕೆ ಶೆಡ್ಡಿಗೆ ಹೋಗ್ಲಿ, ನೀವೇ ಆರಿಸಿ ಸಾಹೇಬ್ರೆ. ಒಂದೇ ಒಂದು ಕೇಳ್ಕೋತೀನಿ, ಹೋಗೋ ಮುಂಚೆ ಆ ಮುದುಕೀನ ನೋಡಿ ಬರೋಕೆ ಬಿಡಿ. ನೀನೇನೂ ತಪ್ಪು ಮಾಡಿಲ್ಲ ಅಂತ ಹೇಳ್ಬೇಕು."

ಕ್ರಾಬ್‌ಟ್ರೀ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಅವನೂ ಇಪ್ಪತ್ತು ವರ್ಷ ಇದೇ ಗುಡ್ಡದಲ್ಲಿ ಬಸ್ ಓಡಿಸಿದವನು. ಕೊನೆಗೆ ದೂರಿನ ಫಾರಮ್ಮಿನಲ್ಲಿ ‘ತಪ್ಪು ಯಾರದು’ ಅನ್ನುವ ಕಡೆ ‘ಡಿಪೋ’ ಅಂತ ಬರೆದು ಸಹಿ ಹಾಕಿದ. ಕಿಟಕಿಯಾಚೆ ವಿಲ್ಫ್ ಆಗಲೇ ಇಂಜಿನ್ ಚಾಲೂ ಮಾಡಿದ್ದ.

"ಇನ್ನೂ ಇಲ್ಲೇ ಯಾಕೆ ನಿಂತಿದ್ದೀಯ?" ಅಂದ ತಲೆ ಎತ್ತದೆ. "ಒಂಬತ್ತೂವರೆ ಬಸ್ಸು. ಓಡು ಚಿನ್ನ."

ಅಂದದ್ದು ಇಬ್ಬರಿಗೂ ಕೇಳಿಸಿತು. ಕ್ರಾಬ್‌ಟ್ರೀ ಕೆಂಪಗಾದ, ಆದರೆ ಮಾತು ವಾಪಸ್ ತಗೊಳ್ಳಲಿಲ್ಲ.

ಮಿಸೆಸ್ ಹೆಪ್‌ವರ್ತ್ ಸ್ಟಾಪಿನಲ್ಲಿ ಮುಖ ಆ ಕಡೆ ತಿರುಗಿಸಿ ನಿಂತಿದ್ದಳು. ಹಿಲ್ಡಾ ಕೆಳಗಿಳಿದು ಹೋಗಿ ರಟ್ಟೆ ಹಿಡಿದಳು.

"ಹತ್ತು ಚಿನ್ನ. ಮೆಟ್ಟಿಲು ಜಾರುತ್ತೆ."

ಮುದುಕಿ ಹತ್ತಿ ಕೂತಳು, ಚೀಲ ತೊಡೆಯ ಮೇಲಿಟ್ಟಳು, ಕೈಗವಸು ಬಿಚ್ಚಿದಳು. ಆಮೇಲೆ ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದಳು, "ಇನ್ನೊಂದು ಸಲ ಮೇಡಮ್ ಅಂದು ನೋಡು, ಈ ಸಲ ಇಂಕಿನಲ್ಲಿ ಬರೀತೀನಿ."